ಹೃದಯದ ಚಿತ್ರಕ್ಕೆ ಕಿರಣ ಎಷ್ಟು?

ಮನೆಯಲ್ಲಿ ಯಾರಿಗಾದರೂ ಆಂಜಿಯೋಗ್ರಾಂ ಆಗಿದ್ದರೆ ಆಸ್ಪತ್ರೆಯ ಫೈಲನ್ನು ಒಮ್ಮೆ ಬಿಚ್ಚಿ ನೋಡಿ. ರಕ್ತಪರೀಕ್ಷೆಯ ವರದಿ ಇರುತ್ತದೆ, ಇಸಿಜಿಯ ಅಂಕುಡೊಂಕು ಗೆರೆಗಳಿರುತ್ತವೆ, ಯಾವ ರಕ್ತನಾಳ ಶೇಕಡಾ ಎಷ್ಟು ಕಟ್ಟಿಕೊಂಡಿದೆ ಎಂಬ ವಿವರ ಇರುತ್ತದೆ. ಸ್ಟೆಂಟ್ ಹಾಕಿದ್ದರೆ ಅದರ ಉದ್ದ, ಅಗಲ, ನಂಬರು ಇರುವ ಚೀಟಿಯನ್ನೂ ಅಂಟಿಸಿರುತ್ತಾರೆ. ಔಷಧಗಳ ಪಟ್ಟಿ, ಬಿಲ್ಲು, ರಸೀದಿ ಎಲ್ಲವೂ ಇರುತ್ತವೆ. ಒಂದು ಅಂಕಿ ಮಾತ್ರ ಎಷ್ಟು ಹುಡುಕಿದರೂ ಸಿಗದೆ ಇರಬಹುದು. ಈ ಚಿತ್ರ ತೆಗೆಯಲು ರೋಗಿಯ ಮೈಯೊಳಗೆ ಎಷ್ಟು ಕ್ಷ-ಕಿರಣ ಹಾಯಿಸಿದರು?

ಆಟೊ ಹತ್ತಿದ ಕೂಡಲೇ ಮೀಟರ್ ಕಡೆ ಕಣ್ಣು ಹಾಯಿಸುವವರು ನಾವು. ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಮಾತ್ರೆ 5 ಮಿಲಿಗ್ರಾಂನದೋ 10 ಮಿಲಿಗ್ರಾಂನದೋ ಎಂದು ಅಂಗಡಿಯವರನ್ನು ಎರಡು ಸಲ ಕೇಳುತ್ತೇವೆ. ಕ್ಷ-ಕಿರಣದ ವಿಷಯದಲ್ಲಿ ಮಾತ್ರ ಯಾರೂ ಪ್ರಶ್ನೆ ಎತ್ತುವುದಿಲ್ಲ. ಕಾರಣ ಇಷ್ಟೆ: ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ, ಮೈಗೆ ಬಿಸಿಯೂ ತಾಗುವುದಿಲ್ಲ. ಅಂಥದ್ದನ್ನು ಅಳೆದೇ ತಿಳಿಯಬೇಕು. ಅಳೆದು ಬರೆದಿಡುವ ಕಡೆ ಅದು ತಾನಾಗಿ ಕಡಿಮೆಯಾಗುತ್ತದೆ ಎಂಬುದು ಹೃದಯ ಚಿಕಿತ್ಸೆಯ ಕ್ಷೇತ್ರದಲ್ಲಿ ಕಳೆದ ಕೆಲವು ದಶಕಗಳಲ್ಲಿ ಕಂಡುಬಂದಿರುವ ಸ್ವಾರಸ್ಯದ ಸಂಗತಿ.

ಫೋಟೋ ಅಲ್ಲ, ಸಿನಿಮಾ

ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜನ್ 1895ರ ನವೆಂಬರಿನಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ. ಕೆಲವೇ ವಾರಗಳಲ್ಲಿ ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದ. ಮೂಳೆಯ ಚಿತ್ರ ತೆಗೆಯುವುದು ಸುಲಭ, ಏಕೆಂದರೆ ಮೂಳೆ ಅಲ್ಲಾಡುವುದಿಲ್ಲ. ಹೃದಯದ ಕಥೆ ಹಾಗಲ್ಲ. ಅದು ನಿಮಿಷಕ್ಕೆ ಎಪ್ಪತ್ತು ಸಲ ಬಡಿಯುತ್ತಲೇ ಇರುತ್ತದೆ. ಮೇಲಾಗಿ ರಕ್ತನಾಳಗಳು ಕ್ಷ-ಕಿರಣಕ್ಕೆ ಪಾರದರ್ಶಕ. ಅವು ಕಾಣಬೇಕಾದರೆ ಒಳಗೆ ಅಯೊಡಿನ್ ಇರುವ ದ್ರವವನ್ನು ಬಿಡಬೇಕು.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಊರಿನ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದೊಳಗೆ ತಾನೇ ಸಪೂರ ನಳಿಕೆಯೊಂದನ್ನು ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದು ಹೋಗಿ, ಅದರ ತುದಿ ಹೃದಯವನ್ನು ಮುಟ್ಟಿದ್ದನ್ನು ಚಿತ್ರದಲ್ಲಿ ತೋರಿಸಿದ. ಈ ಸಾಹಸಕ್ಕೆ ಅವನಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್ ಹೃದಯಕ್ಕೇ ರಕ್ತ ಪೂರೈಸುವ ನಾಳಗಳ ಚಿತ್ರ ತೆಗೆಯುವ ದಾರಿ ತೋರಿಸಿದರು. 1977ರಲ್ಲಿ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅದೇ ನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ ತಡೆಯನ್ನು ಬಿಡಿಸಿದರು. ಎದೆ ಸೀಳದೆಯೇ ಹೃದಯ ರಿಪೇರಿ ಮಾಡುವ ಯುಗ ಹೀಗೆ ಶುರುವಾಯಿತು.

ಇಂದಿನ ಕ್ಯಾತ್‌ಲ್ಯಾಬಿನಲ್ಲಿ ರೋಗಿ ಮಲಗುವ ಮೇಜಿನ ಕೆಳಗೆ ಕ್ಷ-ಕಿರಣ ಕೊಳವೆ ಇರುತ್ತದೆ. ರೋಗಿಯ ಎದೆಯ ಮೇಲ್ಗಡೆ ಚಿತ್ರ ಹಿಡಿಯುವ ಫಲಕ ಇರುತ್ತದೆ. ಎರಡನ್ನೂ ಇಂಗ್ಲಿಷಿನ ಸಿ ಅಕ್ಷರದಂಥ ತೋಳು ಹಿಡಿದುಕೊಂಡಿರುತ್ತದೆ. ವೈದ್ಯರು ಕಾಲಿನ ಪೆಡಲ್ ಒತ್ತಿದಷ್ಟು ಹೊತ್ತು ಕಿರಣಗಳು ಬೆನ್ನಿನ ಕಡೆಯಿಂದ ಹೊಕ್ಕು ಎದೆಯ ಕಡೆಯಿಂದ ಹೊರಬರುತ್ತವೆ. ಪರದೆಯ ಮೇಲೆ ಬಡಿಯುವ ಹೃದಯ ಕಾಣುತ್ತದೆ. ಅಂದರೆ ಇದು ಒಂದು ಫೋಟೋ ಅಲ್ಲ. ಕ್ಷ-ಕಿರಣದಲ್ಲಿ ತೆಗೆದ ಸಿನಿಮಾ. ಸಿನಿಮಾ ಉದ್ದವಾದಷ್ಟೂ ಕಿರಣ ಹೆಚ್ಚು.

ಎರಡು ಬಗೆಯ ಹಾನಿ

ಎಷ್ಟು ಹೆಚ್ಚು? ವಿಕಿರಣದ ಪರಿಣಾಮವನ್ನು ಇಡೀ ದೇಹಕ್ಕೆ ಅನ್ವಯಿಸಿ ಹೇಳುವಾಗ ಮಿಲಿಸೀವರ್ಟ್ ಎಂಬ ಅಳತೆ ಬಳಸುತ್ತಾರೆ. ನೆಲ, ಗಾಳಿ, ಆಹಾರ ಮತ್ತು ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕ ವಿಕಿರಣ ಸಿಗುತ್ತಲೇ ಇರುತ್ತದೆ. ಎದೆಯ ಒಂದು ಸಾದಾ ಎಕ್ಸ್‌ರೇಯಿಂದ 0.1ಕ್ಕಿಂತ ಹೆಚ್ಚಿಲ್ಲ. ಆಂಜಿಯೋಗ್ರಾಂಗೆ 2009ರ ಸುಮಾರಿನ ಸರಾಸರಿ ಲೆಕ್ಕ 7 ಮಿಲಿಸೀವರ್ಟ್, ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿಗೆ 15. ಆಮೇಲೆ ಬಂದ ಯಂತ್ರಗಳಲ್ಲಿ ಇದು ಇಳಿದಿದೆ. ಆದರೆ ಒಬ್ಬರಿಂದ ಒಬ್ಬರಿಗೆ ಹತ್ತು ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ.

ಇದರಿಂದಾಗುವ ಹಾನಿಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಲಾಟರಿಯ ಹಾಗೆ. ಕಿರಣವೊಂದು ಜೀವಕೋಶದ ಡಿಎನ್‌ಎಯನ್ನು ಕೆಡಿಸಿ, ಆ ಕೋಶ ಮುಂದೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಹುದು. ಒಂದು ಆಂಜಿಯೋಗ್ರಾಂನಿಂದ ಹೀಗಾಗುವ ಸಂಭವ ತೀರ ಚಿಕ್ಕದು. ಆದರೆ ಟಿಕೆಟ್ಟುಗಳು ಹೆಚ್ಚಿದಂತೆ ಸಂಭವವೂ ಹೆಚ್ಚುತ್ತದೆ. ಕೊಂಡ ಟಿಕೆಟ್ಟನ್ನು ವಾಪಸು ಕೊಡುವಂತಿಲ್ಲ.

ಎರಡನೆಯದು ಬಿಸಿಲಿನ ಹಾಗೆ. ಇಂತಿಷ್ಟು ಹೊತ್ತಿನವರೆಗೆ ಏನೂ ಆಗುವುದಿಲ್ಲ, ಅದು ದಾಟಿದರೆ ಚರ್ಮ ಸುಡುತ್ತದೆ. ಚರ್ಮಕ್ಕೆ ಬೀಳುವ ಪ್ರಮಾಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದೇ ಜಾಗಕ್ಕೆ ಸುಮಾರು 2 ಗ್ರೇ ಬಿದ್ದರೆ ಚರ್ಮ ಕೆಂಪಾಗಬಹುದು, 3 ಗ್ರೇ ಆದರೆ ಅಲ್ಲಿನ ಕೂದಲು ತಾತ್ಕಾಲಿಕವಾಗಿ ಉದುರಬಹುದು. 10 ಗ್ರೇ ಮೀರಿದರೆ ಮಾಯದ ಹುಣ್ಣಿನ ಭಯ. ಮಾಮೂಲು ಆಂಜಿಯೋಗ್ರಾಂ ಈ ಗೆರೆಯ ಹತ್ತಿರಕ್ಕೆ ಹೋಗುವುದಿಲ್ಲ. ಪೂರ್ತಿ ಮುಚ್ಚಿಹೋದ ಹಳೆಯ ನಾಳವನ್ನು ತೆರೆಯುವಂಥ, ಗಂಟೆಗಟ್ಟಲೆ ಹಿಡಿಯುವ ಕೆಲಸಗಳಲ್ಲಿ ಗೆರೆ ದಾಟುವುದುಂಟು. ಇಂಥ ಸುಟ್ಟಗಾಯಗಳ ವರದಿ ಬರತೊಡಗಿದ್ದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1994ರಲ್ಲಿ ಎಲ್ಲ ವೈದ್ಯರಿಗೆ ಎಚ್ಚರಿಕೆಯ ಪತ್ರ ಹೊರಡಿಸಿತು.

ಈ ಗಾಯದ ದೊಡ್ಡ ತೊಂದರೆ ಎಂದರೆ ಅದು ತಡವಾಗಿ ಮೇಲೆ ಬರುತ್ತದೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಎರಡು ಮೂರು ವಾರಗಳ ನಂತರ ಬೆನ್ನಿನ ಮೇಲೆ, ಹೆಗಲೆಲುಬಿನ ಹತ್ತಿರ, ಅಂಗೈಯಗಲ ಕೆಂಪಾಗುತ್ತದೆ. ಬೆನ್ನು ತಾನೇ, ರೋಗಿಗೆ ಕಾಣುವುದಿಲ್ಲ. ಕಂಡವರು ಸರ್ಪಸುತ್ತು ಎನ್ನುತ್ತಾರೆ, ಹುಳುಕಡ್ಡಿ ಎನ್ನುತ್ತಾರೆ. ಚರ್ಮದ ವೈದ್ಯರ ಬಳಿ ಹೋದರೂ ಹೃದಯದ ಚಿಕಿತ್ಸೆಯ ಮಾತು ಬರುವುದಿಲ್ಲ. ಫೈಲಿನಲ್ಲಿ ಒಂದು ಅಂಕಿ ಇದ್ದಿದ್ದರೆ ಎರಡನ್ನೂ ಜೋಡಿಸಿ ನೋಡಲು ಒಂದು ಕ್ಷಣ ಸಾಕಿತ್ತು.

ಮೀಟರ್ ಎಲ್ಲಿದೆ?

ಆ ಅಂಕಿಯನ್ನು ಕೊಡುವ ಮೀಟರ್ ಯಂತ್ರದಲ್ಲೇ ಇದೆ. ಕೊಳವೆಯ ಬಾಯಿಯಲ್ಲಿ ತೆಳುವಾದ, ಗಾಳಿ ತುಂಬಿದ ಪೆಟ್ಟಿಗೆಯೊಂದನ್ನು ಕೂರಿಸಿರುತ್ತಾರೆ. ಕ್ಷ-ಕಿರಣ ಹಾದುಹೋಗುವಾಗ ಗಾಳಿಯ ಕಣಗಳಲ್ಲಿ ವಿದ್ಯುದಂಶ ಹುಟ್ಟುತ್ತದೆ. ಅದನ್ನು ಅಳೆದರೆ ಕಿರಣದ ಒಟ್ಟು ಮೊತ್ತ ಸಿಗುತ್ತದೆ. ಕಿರಣದ ತೀವ್ರತೆಯನ್ನು ಅದು ಹರಡಿದ ವಿಸ್ತಾರದಿಂದ ಗುಣಿಸಿ ಬರುವ ಈ ಮೊತ್ತವನ್ನು ಗ್ರೇ-ಚದರ ಸೆಂಟಿಮೀಟರುಗಳಲ್ಲಿ ತೋರಿಸುತ್ತಾರೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಚಮತ್ಕಾರ ಗಮನಿಸಬೇಕು. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಅದೇ ಹೊತ್ತಿಗೆ ಕಿರಣ ಹರಡುವ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಗುಣಿಸಿದರೆ ಮೊದಲಿನಷ್ಟೇ! ಹಾಗಾಗಿ ಮೀಟರನ್ನು ಕೊಳವೆಯ ಬಾಯಲ್ಲಿಟ್ಟರೂ ರೋಗಿಯ ಬೆನ್ನಿನ ಬಳಿ ಇಟ್ಟರೂ ಮೊತ್ತ ಒಂದೇ.

ಪರದೆಯ ಮೇಲೆ ಇನ್ನೊಂದು ಅಂಕಿಯೂ ಓಡುತ್ತಿರುತ್ತದೆ. ರೋಗಿಯ ಚರ್ಮ ಇರಬಹುದಾದ ಒಂದು ಗೊತ್ತುಪಡಿಸಿದ ಬಿಂದುವಿನಲ್ಲಿ ಈವರೆಗೆ ಎಷ್ಟು ಗ್ರೇ ಬಿತ್ತು ಎಂಬ ಲೆಕ್ಕ ಅದು. ಮೊದಲನೆಯ ಅಂಕಿ ಕ್ಯಾನ್ಸರಿನ ಸಂಭವದ ಅಂದಾಜಿಗೆ, ಎರಡನೆಯದು ಚರ್ಮದ ಕಾವಲಿಗೆ. ಅಮೆರಿಕದಲ್ಲಿ 2006ರ ಜೂನ್ ನಂತರ ತಯಾರಾದ ಯಂತ್ರಗಳಲ್ಲಿ ಇದನ್ನು ತೋರಿಸುವುದು ಕಡ್ಡಾಯ. ಅಲ್ಲಿನ ರಾಷ್ಟ್ರೀಯ ವಿಕಿರಣ ರಕ್ಷಣಾ ಮಂಡಳಿಯ ಸಲಹೆಯಂತೆ ಈ ಅಂಕಿ 3 ಗ್ರೇ ಮುಟ್ಟಿದಾಗ ಸಿಬ್ಬಂದಿ ವೈದ್ಯರಿಗೆ ಕೂಗಿ ಹೇಳಬೇಕು. 5 ಗ್ರೇ ದಾಟಿದರೆ ರೋಗಿಗೆ ತಿಳಿಸಿ, ಮುಂದೆ ಚರ್ಮದ ಮೇಲೆ ಕಣ್ಣಿಡಬೇಕು. ಬಸ್ಸಿನ ವೇಗ ಮಿತಿಯಂತೆ ಇದು ನಿಷೇಧವಲ್ಲ. ಜೀವ ಉಳಿಸಲು 5 ಗ್ರೇ ದಾಟಬೇಕಾಗಿ ಬಂದರೆ ದಾಟಲೇಬೇಕು. ದಾಟಿದ್ದು ಗೊತ್ತಿರಬೇಕು, ಅಷ್ಟೆ.

ಖರ್ಚಿಲ್ಲದ ಉಳಿತಾಯ

ಕಿರಣ ಕಡಿಮೆ ಮಾಡಲು ಕೋಟಿಗಟ್ಟಲೆ ಬೆಲೆಯ ಹೊಸ ಯಂತ್ರವೇ ಬೇಕೆಂದಿಲ್ಲ. ಇರುವ ಯಂತ್ರದಲ್ಲೇ ಅಭ್ಯಾಸದಿಂದ ಸಾಧಿಸುವಂಥದ್ದು ಬಹಳಷ್ಟಿದೆ.

ಮೊದಲನೆಯದು ದೂರ. ಕೊಳವೆಯಿಂದ ರೋಗಿಯ ಬೆನ್ನು 60 ಸೆಂಟಿಮೀಟರ್ ದೂರ ಇದೆ ಎನ್ನಿ. ಮೇಜನ್ನು 10 ಸೆಂಟಿಮೀಟರ್ ಮೇಲೆತ್ತಿದರೆ ದೂರ 70 ಆಗುತ್ತದೆ. 60ರ ವರ್ಗವನ್ನು 70ರ ವರ್ಗದಿಂದ ಭಾಗಿಸಿ ನೋಡಿ, 0.73 ಬರುತ್ತದೆ. ಅಂದರೆ ಒಂದು ಗುಂಡಿ ಒತ್ತಿದ್ದರಿಂದ ಚರ್ಮಕ್ಕೆ ಬೀಳುವ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಇದೇ ರೀತಿ ಚಿತ್ರ ಹಿಡಿಯುವ ಫಲಕವನ್ನು ಎದೆಗೆ ಆದಷ್ಟು ಹತ್ತಿರ ತಂದರೆ ಯಂತ್ರ ತಾನಾಗಿ ಕಿರಣವನ್ನು ತಗ್ಗಿಸಿಕೊಳ್ಳುತ್ತದೆ.

ಎರಡನೆಯದು ಸಿನಿಮಾದ ವೇಗ. ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವುದು ಹಳೆಯ ರೂಢಿ. ಬಹಳಷ್ಟು ಕೆಲಸಕ್ಕೆ 15 ಸಾಕು, ನಳಿಕೆಯನ್ನು ಮುಂದಕ್ಕೆ ತಳ್ಳುವಾಗ ಏಳೂವರೆ ಇದ್ದರೂ ನಡೆಯುತ್ತದೆ. ಚಿತ್ರ ಸ್ವಲ್ಪ ಎಗರೆಗರಿ ಕಾಣಬಹುದು, ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ದಾರಿ ನೋಡಲು ಬಳಸುವ ಮಂದ ಚಿತ್ರಕ್ಕೂ ದಾಖಲೆಗಾಗಿ ತೆಗೆಯುವ ಸ್ಪಷ್ಟ ಚಿತ್ರಕ್ಕೂ ಕಿರಣದಲ್ಲಿ ಹತ್ತು ಪಟ್ಟಿನಷ್ಟು ಅಂತರ ಇರುವುದರಿಂದ, ಮಂದ ಚಿತ್ರವೇ ಸಾಕಾದ ಕಡೆ ಸ್ಪಷ್ಟ ಚಿತ್ರ ತೆಗೆಯದಿರುವುದು ದೊಡ್ಡ ಉಳಿತಾಯ.

ಮೂರನೆಯದು ಕಿಟಕಿ. ಹೃದಯದ ಭಾಗ ಮಾತ್ರ ಕಾಣುವಂತೆ ಸೀಸದ ಬಾಗಿಲುಗಳನ್ನು ಸರಿಸಿ ಕಿರಣವನ್ನು ಕಿರಿದುಗೊಳಿಸಿದರೆ ಸುತ್ತಲಿನ ಶ್ವಾಸಕೋಶ, ಸ್ತನದ ಭಾಗಗಳಿಗೆ ವೃಥಾ ಕಿರಣ ತಾಗುವುದಿಲ್ಲ. ಚಿತ್ರವೂ ಹೆಚ್ಚು ನಿಚ್ಚಳ. ನಾಲ್ಕನೆಯದು ಕೋನ. ತೋಳನ್ನು ಬಹಳ ಓರೆಯಾಗಿ ತಿರುಗಿಸಿದರೆ ಕಿರಣ ದೇಹದೊಳಗೆ ಹೆಚ್ಚು ದೂರ ಹಾಯಬೇಕಾಗುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಮಾಂಸ ಹೆಚ್ಚಿದರೆ ಕಿರಣ ಇಮ್ಮಡಿ ಬೇಕು. ಆದ್ದರಿಂದಲೇ ಸ್ಥೂಲಕಾಯದವರಿಗೆ ತೆಳ್ಳಗಿರುವವರಿಗಿಂತ ಹಲವು ಪಟ್ಟು ಕಿರಣ ಬೀಳುತ್ತದೆ. ಉದ್ದದ ಕೆಲಸದಲ್ಲಿ ಕೋನವನ್ನು ಆಗಾಗ ಬದಲಾಯಿಸಿದರೆ ಚರ್ಮದ ಒಂದೇ ಜಾಗ ಬೇಯುವುದು ತಪ್ಪುತ್ತದೆ.

ಇವುಗಳಿಂದ ವೈದ್ಯರಿಗೂ ಲಾಭವಿದೆ. ಕೋಣೆಯಲ್ಲಿ ನಿಂತವರ ಮೈಗೆ ತಾಗುವುದು ಬಹುಪಾಲು ರೋಗಿಯ ದೇಹದಿಂದ ಚದುರಿ ಬಂದ ಕಿರಣ. ರೋಗಿಗೆ ಕಡಿಮೆ ಮಾಡಿದರೆ ಅವರಿಗೂ ಕಡಿಮೆ. ಸೀಸದ ಏಪ್ರನ್ ಎದೆಯನ್ನು ಕಾಯುತ್ತದೆ, ಕಣ್ಣನ್ನಲ್ಲ. ದಿಲ್ಲಿಯ ಏಮ್ಸ್‌ನಲ್ಲಿದ್ದ ಭೌತವಿಜ್ಞಾನಿ ಮದನ್ ರೇಹಾನಿ ಅವರು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪರವಾಗಿ ಹಲವು ದೇಶಗಳ ಹೃದ್ರೋಗ ತಜ್ಞರ, ನರ್ಸ್‌ಗಳ ಕಣ್ಣಿನ ಮಸೂರವನ್ನು ಪರೀಕ್ಷಿಸುವ ಕೆಲಸ ನಡೆಸಿದರು. ಪೊರೆಯ ಮೊದಲ ಗುರುತುಗಳು ಅನೇಕರಲ್ಲಿ ಕಂಡವು. ಕೆಲಸಗಾರರ ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಸರಾಸರಿ 20ಕ್ಕೆ ಇಳಿಸಿತು.

ಅಳೆದ ಮೇಲೆ ಇಳಿಯಿತು

ಅಳೆದರೆ ಇಳಿಯುತ್ತದೆ ಎಂಬ ಮಾತಿಗೆ ಪುರಾವೆ ಬೇಕಲ್ಲವೆ? ಹೃದಯದ ಸಿ.ಟಿ. ಸ್ಕ್ಯಾನಿನ ಕಥೆ ಕೇಳಿ. ಇದರಲ್ಲಿ ಹೃದಯದವರೆಗೆ ನಳಿಕೆ ತೂರಿಸುವ ಕೆಲಸವಿಲ್ಲ. ತೋಳಿನ ನಾಳಕ್ಕೆ ಅಯೊಡಿನ್ ದ್ರವ ಕೊಟ್ಟು, ಸುತ್ತಲೂ ತಿರುಗುವ ಕೊಳವೆಯಿಂದ ಚಿತ್ರ ತೆಗೆದು, ಕಂಪ್ಯೂಟರ್ ಅವನ್ನು ಜೋಡಿಸುತ್ತದೆ.

ಜರ್ಮನಿಯ ಮ್ಯೂನಿಕ್ ನಗರದ ಯೋರ್ಗ್ ಹೌಸ್‌ಲೈಟರ್ ಮತ್ತು ಸಂಗಡಿಗರು 2007ರಲ್ಲಿ 50 ಆಸ್ಪತ್ರೆಗಳ ಸುಮಾರು 2000 ರೋಗಿಗಳ ಲೆಕ್ಕ ತೆಗೆದರು. ನಡುವಿನ ಅಂಕಿ ಸುಮಾರು 12 ಮಿಲಿಸೀವರ್ಟ್ ಬಂತು. ಬೆರಗಿನ ಸಂಗತಿ ಅದಲ್ಲ. ಒಂದೇ ಪರೀಕ್ಷೆಗೆ ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ಆರು ಪಟ್ಟಿಗೂ ಮೀರಿದ ಅಂತರ! ಕಡಿಮೆ ಮಾಡುವ ಉಪಾಯಗಳು ಆಗಲೇ ಇದ್ದವು. ಹೃದಯ ಬಡಿತದ ನಡುವೆ ಕ್ಷಣಕಾಲ ವಿಶ್ರಾಂತಿಯಲ್ಲಿರುವಾಗ ಮಾತ್ರ ಕಿರಣ ಬಿಟ್ಟು, ಉಳಿದ ಹೊತ್ತು ಆರಿಸಿದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಕೊಳವೆಯ ವಿದ್ಯುತ್ ಒತ್ತಡವನ್ನು 120 ಕಿಲೋವೋಲ್ಟಿನಿಂದ 100ಕ್ಕೆ ಇಳಿಸಿದರೆ ಅರ್ಧದ ಹತ್ತಿರ ಉಳಿತಾಯ. ಆದರೆ ಇವನ್ನು ಬಳಸಿದ್ದು ನೂರಕ್ಕೆ ಐದಾರು ರೋಗಿಗಳಿಗೆ ಮಾತ್ರ.

ಹತ್ತು ವರ್ಷಗಳ ನಂತರ, 2017ರಲ್ಲಿ, ಇದೇ ಲೆಕ್ಕವನ್ನು 32 ದೇಶಗಳ 61 ಆಸ್ಪತ್ರೆಗಳಲ್ಲಿ ಮತ್ತೆ ತೆಗೆದರು. ಕಿರಣ ಶೇಕಡಾ 78ರಷ್ಟು ಇಳಿದಿತ್ತು. ಹೊಸ ಯಂತ್ರಗಳ ಪಾಲು ಇದರಲ್ಲಿದೆ, ನಿಜ. ಆದರೆ ಪಕ್ಕದ ಆಸ್ಪತ್ರೆ ಇದನ್ನೇ ಆರನೇ ಒಂದು ಪಾಲು ಕಿರಣದಲ್ಲಿ ಮಾಡುತ್ತಿದೆ ಎಂದು ಗೊತ್ತಾದ ಮೇಲೆ ಸುಮ್ಮನೆ ಕೂರುವುದು ಕಷ್ಟ. ಮೀಟರ್ ಇಲ್ಲದ ಪಂಪ್‌ಸೆಟ್ಟಿನ ನೀರು ಎಷ್ಟು ಹರಿದರೂ ಯಾರೂ ಕೇಳುವುದಿಲ್ಲ. ಮೀಟರ್ ಬಂದ ದಿನ ಎಲ್ಲರಿಗೂ ಸ್ವಿಚ್ಚಿನ ನೆನಪಾಗುತ್ತದೆ.

ಈ ಹೋಲಿಕೆಗೆಂದೇ ಒಂದು ಕ್ರಮ ಇದೆ. ದೇಶದ ನೂರು ಆಸ್ಪತ್ರೆಗಳ ನಡುವಿನ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ. ಎಪ್ಪತ್ತೈದನೆಯದು ಎಲ್ಲಿದೆಯೋ ಅದನ್ನು ಮಾರ್ಗದರ್ಶಿ ಮಟ್ಟ ಎನ್ನುತ್ತಾರೆ. ಅದಕ್ಕಿಂತ ಮೇಲಿರುವ ಆಸ್ಪತ್ರೆ ತಪ್ಪಿತಸ್ಥ ಅಲ್ಲ. ಆದರೆ ಏಕೆ ಹೀಗೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ತರಗತಿಯ ಅಂಕಪಟ್ಟಿ ನೋಡಿದ ವಿದ್ಯಾರ್ಥಿ ಕೇಳಿಕೊಳ್ಳುವಂತೆ.

ಮಕ್ಕಳ ಹೃದಯ

ತಂದೆ ತಾಯಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರ, ಕವಾಟದ ದೋಷ ಇರುವ ಮಕ್ಕಳಿಗೆ ಒಂದಲ್ಲ, ಹಲವು ಸಲ ಕ್ಯಾತ್‌ಲ್ಯಾಬಿಗೆ ಹೋಗಬೇಕಾಗಬಹುದು. ಬೆಳೆಯುವ ಜೀವಕೋಶಗಳಿಗೆ ಕಿರಣದ ಹಾನಿ ಹೆಚ್ಚು. ಮೇಲಾಗಿ ಮಗುವಿನ ಮುಂದೆ ಎಪ್ಪತ್ತು ಎಂಬತ್ತು ವರ್ಷಗಳ ಬದುಕಿದೆ. ಹಾನಿ ಹೊರಬರಲು ಕಾಲವೂ ಸಾಕಷ್ಟಿದೆ. ಯುರೋಪಿನ ಒಂಬತ್ತು ದೇಶಗಳಲ್ಲಿ ಸಿ.ಟಿ. ಸ್ಕ್ಯಾನ್ ಆದ ಸುಮಾರು ಒಂಬತ್ತೂವರೆ ಲಕ್ಷ ಮಕ್ಕಳು ಮತ್ತು ಯುವಜನರ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಇಂದಿನ ಮಾಮೂಲು ಸ್ಕ್ಯಾನ್ ಆದ 10,000 ಮಕ್ಕಳಲ್ಲಿ ಮುಂದಿನ ಹನ್ನೆರಡು ವರ್ಷಗಳಲ್ಲಿ ಒಬ್ಬರು ಅಥವಾ ಇಬ್ಬರಿಗೆ ಅದರಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅದರ ಲೆಕ್ಕ. ಅದು ಹೃದಯದ ಸ್ಕ್ಯಾನಿಗೆ ಮಾತ್ರ ಸಂಬಂಧಿಸಿದ್ದಲ್ಲ, ಎಲ್ಲ ಭಾಗಗಳದ್ದು. ಆದರೂ ಪಾಠ ಒಂದೇ.

ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. 9998 ಮಕ್ಕಳಿಗೆ ಏನೂ ಆಗುವುದಿಲ್ಲ. ಹೃದಯದ ದೋಷವನ್ನು ಹಾಗೇ ಬಿಟ್ಟರೆ ಆಗುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಬೇಡದ ಸ್ಕ್ಯಾನಿಗೆ ಆ ಒಂದಿಬ್ಬರನ್ನು ಬಲಿ ಕೊಡುವುದಕ್ಕೆ ಸಮರ್ಥನೆಯೇ ಇಲ್ಲ. ಮಕ್ಕಳಿಗೆ ದೊಡ್ಡವರ ಅಳತೆಯ ಕಿರಣ ಬೇಕಿಲ್ಲ. ಹಸುಗೂಸಿನ ತೆಳು ಮೈಯಲ್ಲಿ ಕಿರಣ ಚದುರುವುದೇ ಕಡಿಮೆ. ಹೀಗಾಗಿ ಚದುರಿದ ಕಿರಣ ತಡೆಯುವ ಜಾಲರಿಯನ್ನು ಫಲಕದ ಮುಂದಿನಿಂದ ತೆಗೆದಿಟ್ಟೇ ಚಿತ್ರ ತೆಗೆಯಬಹುದು, ಆಗ ಕಡಿಮೆ ಕಿರಣ ಸಾಕು. ಎಷ್ಟೋ ಸಂದರ್ಭಗಳಲ್ಲಿ ಎಕೊ ಅಥವಾ ಎಂ.ಆರ್.ಐ. ಇಂದಲೇ ಉತ್ತರ ಸಿಗುತ್ತದೆ.

ಅಂಜಿಕೆಯೂ ಬೇಡ, ಆತುರವೂ ಬೇಡ

ಇದನ್ನು ಓದಿ ಎದೆನೋವು ಬಂದವರು ಆಂಜಿಯೋಗ್ರಾಂ ಬೇಡ ಎಂದು ಮನೆಯಲ್ಲಿ ಕೂತರೆ ಅದು ಶುದ್ಧ ಅವಿವೇಕ. ಹೃದಯಾಘಾತವಾದಾಗ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಎಲ್ಲೋ ಇಪ್ಪತ್ತು ವರ್ಷದ ಮುಂದಿನ ಸಣ್ಣ ಸಂಭವಕ್ಕೆ ಹೆದರಿ ಇವತ್ತಿನ ಪ್ರಾಣ ಬಿಡುವುದುಂಟೆ?

ಆದರೆ ಇದರ ಇನ್ನೊಂದು ತುದಿಯನ್ನೂ ನಾವು ಕಂಡಿದ್ದೇವೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗ, ಮತ್ತೆ 2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ, ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಯಾವ ತೊಂದರೆಯೂ ಇಲ್ಲದವರು ಸಾಲುಗಟ್ಟಿ ನಿಂತರು. ಪರೀಕ್ಷೆ ಮಾಡಿಸಿಕೊಳ್ಳುವುದು ತಪ್ಪಲ್ಲ. ಆದರೆ ಯಾವ ಪರೀಕ್ಷೆ ಎಂಬುದನ್ನು ಗಾಬರಿ ನಿರ್ಧರಿಸಬಾರದು. ಇಸಿಜಿ ಹೃದಯದ ವಿದ್ಯುತ್ತನ್ನು ಓದುತ್ತದೆ, ಎಕೊ ಶಬ್ದದ ಅಲೆಯಿಂದ ನೋಡುತ್ತದೆ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಓಡಿಸುತ್ತಾರೆ. ಈ ಮೂರರಲ್ಲೂ ವಿಕಿರಣ ಒಂದಿಷ್ಟೂ ಇಲ್ಲ. ಸಿ.ಟಿ. ಆಂಜಿಯೋಗ್ರಾಂ, ಥ್ಯಾಲಿಯಂ ಪರೀಕ್ಷೆ, ಮಾಮೂಲು ಆಂಜಿಯೋಗ್ರಾಂಗಳಲ್ಲಿ ಇದೆ. ಪ್ಯಾಕೇಜಿನಲ್ಲಿ ಅಗ್ಗವಾಗಿ ಸಿಗುತ್ತದೆ ಎಂಬುದು ಕಿರಣ ಹಾಯಿಸಿಕೊಳ್ಳಲು ಕಾರಣವಾಗಬಾರದು.

ಏನು ಕೇಳಬೇಕು?

ನಮ್ಮ ದೇಶದಲ್ಲಿ ಕ್ಷ-ಕಿರಣ ಯಂತ್ರಗಳ ಮೇಲ್ವಿಚಾರಣೆ ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಪರವಾನಗಿ ಇಲ್ಲದೆ ಕ್ಯಾತ್‌ಲ್ಯಾಬ್ ನಡೆಸುವಂತಿಲ್ಲ. ಸಿಬ್ಬಂದಿ ಎದೆಯ ಮೇಲೆ ಪುಟ್ಟ ಬಿಲ್ಲೆ ಧರಿಸಿರುವುದನ್ನು ನೀವು ನೋಡಿರಬಹುದು. ಅವರಿಗೆ ಎಷ್ಟು ಕಿರಣ ತಾಗಿತು ಎಂಬುದನ್ನು ಅದು ಹೇಳುತ್ತದೆ. ವರ್ಷಗಟ್ಟಲೆ ಅವರ ಲೆಕ್ಕವನ್ನು ಇಡಲಾಗುತ್ತದೆ. ಮೇಜಿನ ಮೇಲೆ ಮಲಗಿದ ರೋಗಿಗೆ ಬಿಲ್ಲೆ ಇಲ್ಲ. ಅವರ ಲೆಕ್ಕ ಯಂತ್ರದೊಳಗೆ ಇದೆ, ಅದು ಫೈಲಿಗೆ ಇಳಿಯಬೇಕು.

ಆದ್ದರಿಂದ ಮನೆಯವರು ವಿನಯದಿಂದಲೇ ನಾಲ್ಕು ಮಾತು ಕೇಳಬಹುದು. ಈ ಪರೀಕ್ಷೆಯ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೆ? ವಿಕಿರಣವಿಲ್ಲದ ಬೇರೆ ಪರೀಕ್ಷೆಯಿಂದ ಇದು ತಿಳಿಯುವುದಿಲ್ಲವೆ? ಈಚೆಗೆ ಬೇರೆ ಕಡೆ ತೆಗೆಸಿದ ಚಿತ್ರ ನಮ್ಮಲ್ಲಿದೆ, ಅದು ಸಾಕಾಗುವುದೆ? ಕೊನೆಯದಾಗಿ, ಪರದೆಯಲ್ಲಿ ಬಂದ ಡೋಸ್ ಎಷ್ಟು, ಅದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡುವಿರಾ? ಮಹಿಳೆಯರು ಗರ್ಭಿಣಿ ಆಗಿರುವ ಸಂಭವ ಇದ್ದರೆ ಕೇಳುವ ಮೊದಲೇ ಹೇಳಬೇಕು. ಬಹಳ ಹೊತ್ತು ಹಿಡಿದ ಚಿಕಿತ್ಸೆಯಾಗಿದ್ದರೆ ಎರಡು ವಾರದ ಮೇಲೆ ಮನೆಯವರು ರೋಗಿಯ ಬೆನ್ನನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದರೆ ಅದೇ ಆಸ್ಪತ್ರೆಗೆ ತಿಳಿಸಬೇಕು.

ಮನೆಯಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವವರಿದ್ದರೆ ಒಂದು ಕೆಲಸ ಅವರಿಗೆ ವಹಿಸಿ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಯಾವಾಗ ಯಾವ ಎಕ್ಸ್‌ರೇ, ಸ್ಕ್ಯಾನ್, ಆಂಜಿಯೋಗ್ರಾಂ ಆಯಿತು, ಡೋಸ್ ಎಷ್ಟು ಎಂದು ಗೆರೆ ಹಾಕಿ ತುಂಬಿಸಲಿ. ಡೋಸ್ ಸಿಗದಿದ್ದರೆ ತಾರೀಖಾದರೂ ಇರಲಿ. ಅಜ್ಜನಿಗೆ ಮುಂದಿನ ಸಲ ಸ್ಕ್ಯಾನ್ ಬರೆದುಕೊಟ್ಟಾಗ ಆ ಹಾಳೆಯನ್ನು ವೈದ್ಯರ ಮುಂದಿಡಿ. ಅದನ್ನು ನೋಡಿ ಒಂದು ಸ್ಕ್ಯಾನ್ ತಪ್ಪಿದರೂ ಹಾಳೆಯ ಶ್ರಮ ಸಾರ್ಥಕ.